ನಮ್ಮ ವಂಶವೃಕ್ಷದಲ್ಲಿ ಅತ್ತೆಯರ ಹೆಸರು ಯಾಕಿಲ್ಲ?

ನಮ್ಮ ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪಹಣಿ ತೆಗೆಸಿ ನೋಡಿದರೆ ಅದು ಇನ್ನೂ ತಾತನ ಹೆಸರಿನಲ್ಲೇ ಇತ್ತು. ತಾತ ಹೋಗಿ ಮೂವತ್ತು ವರ್ಷದ ಮೇಲಾಗಿದೆ. ಪೌತಿ ಖಾತೆ ಮಾಡಿಸಬೇಕು ಅಂದರೆ ಮೊದಲು ವಂಶವೃಕ್ಷ ಬೇಕು. ಅರ್ಜಿ, ನೋಟರಿ ಮುಂದೆ ಅಫಿಡವಿಟ್ಟು, ಅಕ್ಕಪಕ್ಕದವರ ಸಹಿ, ಮಹಜರು. ಇದೆಲ್ಲ ನಿಮಗೂ ಗೊತ್ತಿರುವ ವಿಷಯವೇ.

ಬಿಳಿ ಹಾಳೆಯ ಮೇಲೆ ಮರ ಬರೆಯಲು ಕೂತೆವು. ತಾತನ ಹೆಸರು ಬರೆದೆವು, ಕೆಳಗೆ ಗಂಡುಮಕ್ಕಳ ಹೆಸರು ಬರೆದೆವು. ದೊಡ್ಡಪ್ಪ ಅಲ್ಲಿಗೇ ಪೆನ್ನು ಮುಚ್ಚಿದರು. "ಅತ್ತೆಯರದ್ದು?" ಅಂತ ಕೇಳಿದೆ. "ಮದುವೆಯಾಗಿ ಹೋದೋರು ಕಣಪ್ಪ, ಅವರ ಹೆಸರು ಯಾಕೆ? ಸುಮ್ಮನೆ ಕೆಲಸ ತಡವಾಗುತ್ತೆ" ಅಂದರು.

ದೊಡ್ಡಪ್ಪ ಕೆಟ್ಟವರಲ್ಲ. ಊರಲ್ಲಿ ಎಲ್ಲರೂ ಮಾಡುವುದನ್ನೇ ಅವರೂ ಹೇಳಿದರು. ಆದರೆ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ತಾತನಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡತ್ತೆಯನ್ನು ಹೊಸೂರು ಕಡೆ ಕೊಟ್ಟಿದ್ದರು, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅವರ ನಿಜವಾದ ಹೆಸರು ಏನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ 'ಹೊಸೂರಕ್ಕ' ಅಂತಲೇ ಕರೆಯುತ್ತಿದ್ದರಂತೆ. ಆಮೇಲೆ ಅವರ ಮಗಳಿಗೆ ಫೋನ್ ಮಾಡಿ ತಿಳಿದುಕೊಂಡೆ. ಅಜ್ಜಿಯ ಹೆಸರಂತೂ ಒಂದು ಹಳೇ ಕ್ರಯಪತ್ರದಲ್ಲಿ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಸಿಕ್ಕಿತು. ಅತ್ತೆಯ ಮಕ್ಕಳಿಗೆ ಇಷ್ಟವಿಲ್ಲದ್ದರಿಂದ ಆ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ವಂಶವೃಕ್ಷದಲ್ಲಿ ಮಾತ್ರ ಬರೆಸಿದೆವು. ಎರಡು ತಿಂಗಳು ತಡವಾಯಿತು, ಅಷ್ಟೇ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಮಾತು ಕೊರೆಯುತ್ತಿದೆ. ನಮ್ಮ ಮನೆತನದ ಚರಿತ್ರೆಯನ್ನು ನಾವು ಬರೆಯುವುದು ಆಸ್ತಿ ಹಂಚುವ ಹೊತ್ತಿನಲ್ಲಿ ಮಾತ್ರ. ಅಂದರೆ ಸುಳ್ಳು ಹೇಳಲು ಎಲ್ಲರಿಗೂ ಒಂದೊಂದು ಕಾರಣ ಇರುವ ಹೊತ್ತಿನಲ್ಲಿ.

ಊರಿನ ಹೆಸರೇ ಒಂದು ಹೆಣ್ಣಿನದು

ನಾನಿರುವುದು ಮಾಸ್ತಿ ಹೋಬಳಿ. ಮಾಸ್ತಿ ಅನ್ನುವ ಪದ ಬಂದದ್ದು 'ಮಹಾಸತಿ'ಯಿಂದ. ಗಂಡನ ಜೊತೆ ಚಿತೆ ಏರಿದ ಹೆಂಗಸಿಗೆ ನಿಲ್ಲಿಸುತ್ತಿದ್ದ ಕಲ್ಲಿಗೆ ಮಾಸ್ತಿಕಲ್ಲು ಅನ್ನುತ್ತಾರೆ. ಮೇಲಕ್ಕೆತ್ತಿದ ಕೈ, ಕೈತುಂಬ ಬಳೆ, ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು. ನಮ್ಮ ಜಿಲ್ಲೆಯ ಕೆರೆ ಏರಿಗಳ ಮೇಲೆ, ಗುಡಿಗಳ ಹಿಂದೆ ಇಂಥ ಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಆ ಪದ್ಧತಿಯನ್ನು ಹೊಗಳಬೇಕಾದ ಅಗತ್ಯ ನಮಗಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಇಂಥ ಎಷ್ಟೋ ಕಲ್ಲುಗಳ ಮೇಲೆ ಒಂದಕ್ಷರವೂ ಇಲ್ಲ. ಕೈ ಉಳಿದಿದೆ, ಬಳೆ ಉಳಿದಿದೆ, ಹೆಸರು ಉಳಿದಿಲ್ಲ.

ರಾಜರ ಕಥೆ ಹಾಗಲ್ಲ. ಕೋಲಾರ ಗಂಗರ ರಾಜಧಾನಿಯಾಗಿತ್ತು, ಆಗ ಅದರ ಹೆಸರು ಕುವಲಾಲ. ರಾಜರ ತಾಮ್ರಶಾಸನಗಳು ಶುರುವಾಗುವುದೇ ವಂಶಾವಳಿಯಿಂದ: ಇಂಥವನ ಮಗ ಇಂಥವನು, ಅವನ ಮಗ ಇಂಥವನು. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ಮಾಲೂರು ತಾಲ್ಲೂಕಿನದ್ದೇ ಒಂದು ಭಾಗ ಇದೆ. ರಾಜನ ಮುತ್ತಾತನ ಹೆಸರು ಅಲ್ಲಿ ಸಿಗುತ್ತದೆ. ನಿಮ್ಮ ಮುತ್ತಾತನ ಹೆಸರು ಎಲ್ಲಿ ಸಿಗುತ್ತದೆ?

ಬೇರೆ ಕಡೆ ಏನು ಮಾಡುತ್ತಾರೆ

ಉತ್ತರ ಕರ್ನಾಟಕದ ಕಡೆ ಹೆಳವರು ಅನ್ನುವ ಜನ ಇದ್ದಾರೆ. ಎತ್ತು ಹೊಡೆದುಕೊಂಡು ಊರೂರು ಸುತ್ತಿ, ತಮ್ಮ ಒಕ್ಕಲು ಮನೆಗಳ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳುವುದು ಅವರ ಕಸುಬು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು, ಕಾಳೋ ಕಾಸೋ ಇಸಿದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಹರಿದ್ವಾರದ ಪಂಡಾಗಳ ಹತ್ತಿರವೂ ಇಂಥ ಉದ್ದನೆಯ ವಹಿಗಳಿವೆ. ಅಸ್ಥಿ ಬಿಡಲು ಹೋದವರ ಹೆಸರು, ಊರು, ಜೊತೆಗೆ ಬಂದವರ ಹೆಸರು ಎಲ್ಲ ಅದರಲ್ಲಿ ಏರುತ್ತದೆ.

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ 1894ರಲ್ಲಿ ಒಂದು ವಂಶಾವಳಿ ಸಂಘ ಶುರುವಾಯಿತು. ಅದನ್ನು ಕಟ್ಟಿದ್ದು ಅಲ್ಲಿನ ಒಂದು ಚರ್ಚು, ಕಾರಣವೂ ಧಾರ್ಮಿಕವೇ. ಆದರೆ ಅದರಿಂದ ಬೆಳೆದ ಗ್ರಂಥಾಲಯಕ್ಕೆ ಇವತ್ತು ಯಾವ ಧರ್ಮದವರು ಬೇಕಾದರೂ ಹೋಗಿ ಬಿಟ್ಟಿಯಾಗಿ ತಮ್ಮ ಹಿರಿಯರನ್ನು ಹುಡುಕಬಹುದು. ಹರಿದ್ವಾರದ ವಹಿಗಳ ಪ್ರತಿಯನ್ನೂ ಅವರು ಫಿಲ್ಮ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಆ ದೇಶಗಳ ಸಣ್ಣ ಸಣ್ಣ ಊರುಗಳಲ್ಲೂ ಇಂಥ ಸಂಘಗಳಿವೆ. ರಿಟೈರಾದವರು ವಾರಕ್ಕೊಮ್ಮೆ ಊರ ಗ್ರಂಥಾಲಯದ ಒಂದು ಕೋಣೆಯಲ್ಲಿ ಸೇರುತ್ತಾರೆ. ಸ್ಮಶಾನದ ಕಲ್ಲುಗಳನ್ನು ಓದಿ ಬರೆದುಕೊಳ್ಳುತ್ತಾರೆ, ಹಳೇ ಪತ್ರಿಕೆಗಳ ಸಾವಿನ ಸುದ್ದಿ ಕತ್ತರಿಸಿ ಅಂಟಿಸುತ್ತಾರೆ. ದೊಡ್ಡ ಖರ್ಚಿನ ಕೆಲಸ ಏನಲ್ಲ.

ನಮ್ಮಲ್ಲಿ ಇದನ್ನು ಮಾಡಲು ಜಾಗ ಇಲ್ಲವಾ? ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹಿರಿಯರ ಮನೆ ಇವತ್ತು ಗ್ರಂಥಾಲಯ. ಮನೆಯಲ್ಲಿ ತಮಿಳು ಮಾತಾಡುತ್ತಿದ್ದ ಕುಟುಂಬದಲ್ಲಿ 1891ರಲ್ಲಿ ಹುಟ್ಟಿ, ಕನ್ನಡದ ಆಸ್ತಿ ಅನ್ನಿಸಿಕೊಂಡವರು ಅವರು. ಅವರ 'ಚಿಕವೀರ ರಾಜೇಂದ್ರ' ಕಾದಂಬರಿಗೆ ಜ್ಞಾನಪೀಠ ಬಂದಿತು. ಅದು ಒಂದು ರಾಜಮನೆತನ ಹೇಗೆ ಮುಗಿಯಿತು ಅನ್ನುವ ಕಥೆ. ತಮ್ಮ ಬದುಕನ್ನೂ ಅವರು 'ಭಾವ' ಅನ್ನುವ ಮೂರು ಸಂಪುಟಗಳಲ್ಲಿ ಬರೆದಿಟ್ಟರು. ಅಂಥವರ ಮನೆಯಲ್ಲಿ ಊರಿನ ಮನೆಗಳ ಚರಿತ್ರೆಗೆ ಒಂದು ಬೀರು ಇಟ್ಟರೆ ತಪ್ಪೇನಿಲ್ಲ. ಅದು ಆಗದಿದ್ದರೆ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿರುವುದು, ಇದ್ದೇ ಇದೆಯಲ್ಲ.

ಇದು ಹವ್ಯಾಸದ ಮಾತಲ್ಲ

ಕೆಲವರು ಕೇಳಬಹುದು, ಹೊಟ್ಟೆಪಾಡಿಗೇ ಕಷ್ಟ ಇರುವಾಗ ಮುತ್ತಜ್ಜಿಯ ಹೆಸರು ಕಟ್ಟಿಕೊಂಡು ಏನು ಮಾಡುವುದು ಅಂತ. ಅವರಿಗೆ ಮೂರು ಸಂಗತಿ ಹೇಳುತ್ತೇನೆ.

ಒಂದು, ಹೆಣ್ಣುಮಕ್ಕಳ ಪಾಲು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಅವನು ವಿಲ್ ಬರೆಯದೆ ಸತ್ತರೆ ಮಗಳಿಗೂ ಪಾಲಿದೆ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲಿ ಕೊಟ್ಟಿತು, ಆದರೆ ಆಗ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದವೂ ಹೋಯಿತು. 2005ರ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಇಷ್ಟು ದೂರ ಬಂದಿದೆ. ಆದರೆ ವಂಶವೃಕ್ಷದಲ್ಲಿ ಹೆಸರೇ ಇಲ್ಲದ ಮಗಳಿಗೆ ಈ ಕಾನೂನು ಕಾಣಿಸುವುದೇ ಇಲ್ಲ. ಪಾಲು ಬೇಡ ಅನ್ನುವ ಅಕ್ಕತಂಗಿಯರು ಬೇಕಾದಷ್ಟು ಜನ ಇದ್ದಾರೆ. ಬೇಡ ಅಂತ ಹಕ್ಕು ಬಿಡುಗಡೆ ಪತ್ರ ಬರೆದುಕೊಡುವುದು ಬೇರೆ, ಅವರು ಹುಟ್ಟಿಯೇ ಇಲ್ಲ ಅಂತ ಅಫಿಡವಿಟ್ಟು ಕೊಡುವುದು ಬೇರೆ.

ಎರಡು, ದಲಿತರ ಭೂಮಿ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಬಾರದು ಅನ್ನುವ ಪಿಟಿಸಿಎಲ್ ಕಾಯ್ದೆ 1978ರದ್ದು. ಕೈತಪ್ಪಿದ ಭೂಮಿ ಕೇಳಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಆಯಿತು. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಬಿಟ್ಟಿದ್ದ ಇನಾಂ ಜಮೀನುಗಳ ಕಥೆಯೂ ಹಳೆಯದು. ಇಂಥ ಕಡೆ ಕೇಸು ನಿಲ್ಲಬೇಕಾದರೆ 'ಸಾಗುವಳಿ ಚೀಟಿ ಯಾರ ಹೆಸರಿನಲ್ಲಿತ್ತೋ ಅವನ ಮೊಮ್ಮಗ ನಾನು' ಅಂತ ತೋರಿಸಬೇಕು. ಕಾಗದ ಕಡಿಮೆ ಇರುವ ಮನೆಗೆ ನೆನಪೇ ಕಾಗದ. ಅದನ್ನು ಬರೆದಿಡದಿದ್ದರೆ ಮುದುಕರ ಜೊತೆ ಅದೂ ಮಣ್ಣಾಗುತ್ತದೆ.

ಮೂರು, ರಸ್ತೆ ಮತ್ತು ಕಾರ್ಖಾನೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ತಾಲ್ಲೂಕನ್ನು ಸೀಳಿಕೊಂಡೇ ಹೋಗಿದೆ. ಭೂಸ್ವಾಧೀನದ ಪರಿಹಾರ ಬರುವ ಕಡೆಯೆಲ್ಲ ಮೊದಲು ಕೇಳುವ ಕಾಗದ ವಂಶವೃಕ್ಷ. ಅದರಲ್ಲಿ ಒಂದು ಹೆಸರು ಬಿಟ್ಟರೆ ದುಡ್ಡು ಕೋರ್ಟಿನಲ್ಲಿ ಕೂರುತ್ತದೆ. ಅಣ್ಣತಮ್ಮಂದಿರು ವಕೀಲರ ಫೀಸು ಕಟ್ಟುತ್ತ ಮುದುಕರಾಗುತ್ತಾರೆ.

ಇನ್ನೊಂದು ಮಾತು. ಸಂಬಂಧದ ಬಗ್ಗೆ ಜಗಳ ಹುಟ್ಟುವ ಮೊದಲೇ, ತಿಳಿದ ಹಿರಿಯರು ಹೇಳಿ ಅಥವಾ ಬರೆದಿಟ್ಟ ಮಾತನ್ನು ಅವರು ಸತ್ತ ಮೇಲೂ ಕೋರ್ಟು ಪರಿಗಣಿಸಬಹುದು. ಹಳೇ ಸಾಕ್ಷ್ಯ ಕಾಯ್ದೆಯಲ್ಲೂ ಇದು ಇತ್ತು, 2024ರಿಂದ ಜಾರಿಯಾದ ಹೊಸದರಲ್ಲೂ ಇದೆ. ಜಗಳ ಶುರುವಾದ ಮೇಲೆ ಹೇಳಿದ್ದಕ್ಕೆ ಆ ಬೆಲೆ ಇಲ್ಲ. ಬರೆಯುವ ಕೆಲಸವನ್ನು ಇವತ್ತೇ ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ವಹಿಯಲ್ಲಿ ಏನಿರಬೇಕು

ಒಂದು ದಪ್ಪ ಲೆಡ್ಜರು ಸಾಕು. ಒಂದು ಮನೆಗೆ ನಾಲ್ಕು ಪುಟ. ಪ್ರತಿಯೊಬ್ಬರ ನಿಜವಾದ ಹೆಸರು, ಕರೆಯುವ ಹೆಸರು, ತಾಯಿಯ ಹೆಸರು, ತಾಯಿಯ ತವರೂರು. ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು, ಸೊಸೆಯರನ್ನು ಯಾವ ಊರಿಂದ ತಂದರು. ನಮ್ಮದು ಗಡಿ ಸೀಮೆ. ಅರ್ಧ ನೆಂಟರು ತಮಿಳುನಾಡಿನಲ್ಲಿದ್ದರೆ ಇನ್ನರ್ಧ ಆಂಧ್ರದಲ್ಲಿರುತ್ತಾರೆ. ಮನೆಮಾತು ತೆಲುಗೋ ತಮಿಳೋ ಉರ್ದುವೋ ಅದನ್ನೂ ಬರೆಯಬೇಕು. ಮನೆದೇವರು ಯಾವುದು ಅಂತಲೂ ಬರೆಯಬೇಕು, ಯಾಕೆಂದರೆ ಮನೆತನ ಎಲ್ಲಿಂದ ಎದ್ದು ಬಂತು ಅನ್ನುವುದಕ್ಕೆ ಎಷ್ಟೋ ಸಲ ಉಳಿದಿರುವ ಗುರುತು ಅದೊಂದೇ.

ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಚಿಂತೆ ಇಲ್ಲ. 'ಗಾಂಧಿ ಸತ್ತ ವರ್ಷ ತೊಟ್ಟಿಲಲ್ಲಿದ್ದ' ಅಂದರೆ 1948 ಸಿಕ್ಕಿತು. ಶಾಲೆಯ ದಾಖಲಾತಿ ವಹಿ, ಹಳೇ ಮತದಾರರ ಪಟ್ಟಿ, ಕ್ರಯಪತ್ರದ ಚೆಕ್ಕುಬಂದಿ, ಮಸೀದಿಯ ನಿಕಾಹ್ ಪುಸ್ತಕ, ಮದುವೆಯ ಲಗ್ನಪತ್ರಿಕೆ, ಎಲ್ಲದರಲ್ಲೂ ಹೆಸರುಗಳು ಅಡಗಿವೆ. ಮುಖ್ಯವಾಗಿ, ಈ ಮಾತು ಹೇಳಿದವರು ಯಾರು, ಯಾವ ದಿನ ಹೇಳಿದರು ಅಂತ ಕೆಳಗೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು.

ಅಪಾಯಗಳೂ ಇವೆ

ವಂಶಾವಳಿ ಅಂದ ತಕ್ಷಣ ನಮ್ಮಲ್ಲಿ ಜಾತಿಯ ಜಂಬ ಎದ್ದು ಕೂರುತ್ತದೆ. ನಮ್ಮ ಹಿರಿಯರು ಪಾಳೇಗಾರರು, ನಿಮ್ಮವರು ನಮ್ಮ ಜೀತದವರು ಅನ್ನುವ ಪುಸ್ತಕ ನಮಗೆ ಬೇಡ. ಗುಟ್ಟುಗಳೂ ಇವೆ. ಎರಡನೇ ಮದುವೆ, ಬಿಟ್ಟು ಹೋದ ಗಂಡ, ಓಡಿಹೋಗಿ ಮದುವೆಯಾದ ಮಗಳು. ಅದನ್ನು ಊರೆಲ್ಲ ಓದುವಂತೆ ಇಡಬಾರದು.

ಹಾಗಾಗಿ ನಿಯಮ ಬೇಕು. ತೀರಿಕೊಂಡವರ ಪುಟ ಎಲ್ಲರೂ ನೋಡಬಹುದು, ಬದುಕಿರುವವರ ಪುಟ ಆ ಮನೆಯವರಿಗೆ ಮಾತ್ರ. ಆಧಾರ್ ನಂಬರು, ಫೋನ್ ನಂಬರು, ಸರ್ವೆ ನಂಬರು ಬರೆಯಲೇಬಾರದು. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಬೇಕು, ತೀರ್ಪು ಕೊಡಬಾರದು. ಕಾಲೋನಿಯ ಮನೆಗಳಿಂದ ಬರೆಯಲು ಶುರು ಮಾಡಬೇಕು, ಗೌಡರ ಬೀದಿಯಿಂದಲ್ಲ. ಬರೆಯುವ ಗುಂಪಿನಲ್ಲಿ ಅರ್ಧ ಹೆಂಗಸರು ಇರಬೇಕು. ಯಾಕೆಂದರೆ ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಅನ್ನುವುದು ಅಜ್ಜಿಯರಿಗೆ ಗೊತ್ತಿರುವಷ್ಟು ತಾತಂದಿರಿಗೆ ಗೊತ್ತಿಲ್ಲ.

ಈ ವಹಿ ಸರ್ಕಾರಿ ವಂಶವೃಕ್ಷದ ಬದಲಿಗೆ ಬರುವುದಿಲ್ಲ. ಕಚೇರಿಗೆ ಹೋಗುವ ಕೆಲಸ ಇದ್ದೇ ಇರುತ್ತದೆ. ಆದರೆ ಮಹಜರಿಗೆ ಬಂದವರು ಅಕ್ಕಪಕ್ಕದವರನ್ನು ಕೇಳುವಾಗ, ಹತ್ತು ವರ್ಷದ ಹಿಂದೆ ಅಜ್ಜಿ ಹೇಳಿ ಬರೆಸಿದ ಪುಟ ಮುಂದಿದ್ದರೆ ಒಂದು ಹೆಸರನ್ನು ನುಂಗುವುದು ಅಷ್ಟು ಸುಲಭವಲ್ಲ.

ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಯಾರಾದರೂ ಒಬ್ಬರು ಎದ್ದು ಇದನ್ನು ಕೇಳಿ. ಒಂದು ಬೀರು, ಒಂದು ಲೆಡ್ಜರು, ಒಂದು ಠರಾವು. ಪಂಚಾಯಿತಿ ಮಾಡದಿದ್ದರೂ ಪರವಾಗಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳು, ಆ ದಿನ ಎಲ್ಲರೂ ಸೇರಿರುವಾಗಲೇ ಒಂದು ನೋಟ್‌ಬುಕ್ಕು ತೆಗೆದುಕೊಳ್ಳಬಹುದು. ಎಡೆ ಇಡುವುದು ಯಾರಿಗೆ ಅಂತ ಹೆಸರು ಗೊತ್ತಿರಲಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಒಂದೇ ಒಂದು ಪ್ರಶ್ನೆ ಕೇಳಿ: "ನಿನ್ನ ಅಮ್ಮನ ಅಮ್ಮನ ಹೆಸರೇನು?" ಉತ್ತರ ಬಂದರೆ ತಕ್ಷಣ ಬರೆದಿಟ್ಟುಕೊಳ್ಳಿ. ಬರದಿದ್ದರೆ, ಅದು ಗೊತ್ತಿರುವವರು ಯಾವ ಊರಿನಲ್ಲಿದ್ದಾರೆ ಅಂತ ಕೇಳಿ, ಈ ಭಾನುವಾರವೇ ಹೋಗಿ ಬನ್ನಿ.