ಐದು ವರ್ಷದ ಮಗುವಿಗೆ ಸರಳೆಯೇ, ಆಟವೇ?

ಜಪಾನಿನ ಶಾಲೆಯೊಂದರ ಕಥೆ ಹೇಳುವ ‘ತೊತ್ತೋಚಾನ್’ ಪುಸ್ತಕವನ್ನು ಕನ್ನಡದಲ್ಲಿ ಓದಿ ಮೆಚ್ಚಿದವರು ಮಲ್ಲೇಶ್ವರದಲ್ಲಿ ಕಡಿಮೆಯಿಲ್ಲ. ಮಗುವಿಗೆ ಐದು ತುಂಬುತ್ತಲೇ ವಿಜಯದಶಮಿಯ ದಿನ ಹಣ್ಣು, ಹೂವು, ದಕ್ಷಿಣೆ ಹಿಡಿದು ಸಂಗೀತ ಪಾಠಕ್ಕೆ ಸೇರಿಸುವವರೂ ಹೆಚ್ಚಾಗಿ ಅವರೇ. ಪುಸ್ತಕದ ಶಾಲೆಯಲ್ಲಿ ಮಕ್ಕಳು ಪಿಯಾನೋ ಕೇಳುತ್ತ ಅದರ ಲಯಕ್ಕೆ ಹೆಜ್ಜೆ ಹಾಕುತ್ತಾರೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಲಯದ ಗುರುತು ಬರೆಯುತ್ತಾರೆ. ಇಲ್ಲಿ ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ, ತೊಡೆಯ ಮೇಲೆ ಆದಿತಾಳ ಹಾಕುತ್ತ, ಮಾಯಾಮಾಳವಗೌಳದಲ್ಲಿ ಮೊದಲ ಸರಳೆ. ಈಗ ನಮ್ಮ ಬಡಾವಣೆಗೂ ಹಾಡು, ಆಟ, ಕುಣಿತದ ತರಗತಿಗಳು ಬಂದಿರುವುದರಿಂದ, ಯಾವುದಕ್ಕೆ ಸೇರಿಸುವುದು ಎಂಬ ಚರ್ಚೆ ಮನೆಮನೆಯಲ್ಲೂ ನಡೆಯುತ್ತಿದೆ.

ಆಟದ ಪಕ್ಷದವರು ಹೀಗೆ ಕುಣಿಸಿ ಕಲಿಸುವುದನ್ನು ಜಪಾನೀ ಕ್ರಮ ಎನ್ನುವುದುಂಟು. ಅದು ಅರ್ಧ ನಿಜ. ತೊತ್ತೋಚಾನ್ ಓದಿದ ತೊಮೊಎ ಶಾಲೆಯನ್ನು 1937ರಲ್ಲಿ ಟೋಕಿಯೋದಲ್ಲಿ ತೆರೆದ ಕೊಬಾಯಾಶಿ ಸೊಸಾಕು ಲಯದ ಪಾಠ ಕಲಿತದ್ದು ಸ್ವಿಸ್ ಸಂಗೀತಗಾರ ಡಾಲ್ಕ್ರೋಜ್ ಅವರಿಂದ. ಶಾಸ್ತ್ರವನ್ನೆಲ್ಲ ಬಾಯಿಪಾಠ ಮಾಡಿದ ವಿದ್ಯಾರ್ಥಿಗಳ ಮೈಯಲ್ಲಿ ಲಯ ನಿಲ್ಲುತ್ತಿಲ್ಲವೆಂದು ಜಿನೀವಾದಲ್ಲಿ ಕಂಡುಕೊಂಡವರು ಡಾಲ್ಕ್ರೋಜ್. ಕಾಲಿಗೆ ಲಯ ಬರಲಿ, ಆಮೇಲೆ ಕೈಗೂ ಕಾಗದಕ್ಕೂ ಬರುತ್ತದೆ ಎಂಬುದು ಅವರ ವಾದ.

ಜಪಾನಿನ ಸ್ವಂತ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. 1879ರಲ್ಲಿ ಅಲ್ಲಿನ ಸರ್ಕಾರ ಶಾಲಾ ಸಂಗೀತಕ್ಕೆಂದೇ ಒಂದು ಕಚೇರಿ ತೆರೆಯಿತು. ಅದರ ಮುಖ್ಯಸ್ಥ ಇಸಾವಾ ಶೂಜಿ ಬಾಸ್ಟನ್ನಿನ ಲೂಥರ್ ಮೇಸನ್ ಅವರನ್ನು ಕರೆಸಿಕೊಂಡರು. ಮೊದಲ ಪಠ್ಯದ ಎಷ್ಟೋ ಹಾಡುಗಳಿಗೆ ಪಾಶ್ಚಾತ್ಯ ಮಟ್ಟು, ಜಪಾನೀ ಸಾಹಿತ್ಯ. ಸ್ಕಾಟ್ಲೆಂಡಿನ ಒಂದು ವಿದಾಯಗೀತೆಯ ಧಾಟಿ ಅಲ್ಲಿ ಶಾಲೆ ಮುಗಿಸುವ ದಿನದ ಹಾಡಾಗಿ ನೆಲೆಸಿತು. ಬೀದಿಯಲ್ಲಿ ಮಕ್ಕಳು ತಾವೇ ಹಾಡಿಕೊಂಡು ಆಡುವ ‘ವಾರಬೆ ಉತಾ’ ತರಗತಿಯ ಹೊರಗೇ ಉಳಿಯಿತು. ಅದನ್ನು ಗಂಭೀರವಾಗಿ ಅಭ್ಯಾಸ ಮಾಡಿ, ಶಿಕ್ಷಣ ಇಲ್ಲಿಂದ ಶುರುವಾಗಬೇಕು ಎಂದವರು 20ನೇ ಶತಮಾನದ ವಿದ್ವಾಂಸ ಕೊಯಿಝುಮಿ ಫುಮಿಯೊ. ಭಾರತಕ್ಕೂ ಬಂದು ಇಲ್ಲಿನ ಸಂಗೀತ ಕಲಿತವರು. ಜಪಾನಿನಲ್ಲಿ 2002ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳು ದೇಶೀ ವಾದ್ಯವೊಂದನ್ನಾದರೂ ನುಡಿಸಬೇಕೆಂಬ ನಿಯಮ ಬಂತು.

ಆಟದಲ್ಲಿ ಸಂಗೀತವೆಲ್ಲಿದೆ ಎಂದು ಕೇಳುವವರಿಗೆ ಜಪಾನಿನ ‘ಕಾಗೊಮೆ’ ಆಟ ಉತ್ತರ. ನಡುವೆ ಒಂದು ಮಗು ಕಣ್ಣು ಮುಚ್ಚಿ ಕೂರುತ್ತದೆ, ಉಳಿದವರು ಕೈಕೈ ಹಿಡಿದು ಹಾಡುತ್ತ ಸುತ್ತುತ್ತಾರೆ. ಹಾಡು ನಿಂತಾಗ ಬೆನ್ನ ಹಿಂದೆ ಯಾರಿದ್ದಾರೆಂದು ಹೇಳಬೇಕು. ಹಾಡು ಮುಗಿಯುವುದಕ್ಕೂ ಹೆಜ್ಜೆ ನಿಲ್ಲುವುದಕ್ಕೂ ಒಂದೇ ಕ್ಷಣ. ಮುಕ್ತಾಯ ಬರುತ್ತಿದೆ ಎಂದು ಮುಂಚೆಯೇ ಅರಿಯುವ ಈ ಎಚ್ಚರವನ್ನೇ ಮುಂದೆ ಪಲ್ಲವಿ ಹಾಡುವವರೂ ಕಲಿಯಬೇಕಾಗುತ್ತದೆ. ನಮ್ಮ ಕೋಲಾಟ, ಫುಗಡಿ, ನೆಲದ ಮೇಲೆ ಅಂಗೈ ಹರಡಿ ಆಡುವ ಅಚ್ಚಚ್ಚು ಕೂಡ ಇದನ್ನೇ ಕಲಿಸುತ್ತಿದ್ದವು. ಇವನ್ನು ಪಾಠವೆಂದು ಯಾರೂ ಕರೆಯಲಿಲ್ಲ, ಅಷ್ಟೇ.

ಸ್ವರದ ವಿಷಯದಲ್ಲೂ ಆಟದ ಪಕ್ಷದವರ ವಾದಕ್ಕೆ ತೂಕವಿದೆ. ವಾರಬೆ ಉತಾಗಳಲ್ಲಿ ಎಷ್ಟೋ ಹಾಡುಗಳು ಎರಡು-ಮೂರು ಸ್ವರಗಳಲ್ಲೇ ಮುಗಿಯುತ್ತವೆ. ನಮ್ಮ ಮೊದಲ ಸರಳೆಯಾದರೋ ಮೊದಲ ದಿನವೇ ತಾರಷಡ್ಜಕ್ಕೆ ಹತ್ತಿಸುತ್ತದೆ. ಷಡ್ಜದ ಪಕ್ಕದಲ್ಲೇ ಶುದ್ಧ ರಿಷಭ, ಅಲ್ಲಿಂದ ಅಂತರ ಗಾಂಧಾರಕ್ಕೆ ಒಂದು ದೊಡ್ಡ ಜಿಗಿತ. ಐದು ವರ್ಷದ ಗಂಟಲಿಗೆ ಇದು ಸುಲಭವಲ್ಲ. ಮಗು ರಿಷಭವನ್ನು ತೇಲಿಸುತ್ತದೆ, ಮೇಲಿನ ಷಡ್ಜಕ್ಕೆ ಕಿರುಚುತ್ತದೆ. ತಿಂಗಳುಗಟ್ಟಲೆ ಹಾಗೇ ಹಾಡಿದರೆ ಅದೇ ಅಭ್ಯಾಸವೂ ಆಗುತ್ತದೆ.

ಇನ್ನು ಸರಳೆಯ ಪಕ್ಷ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳ ಈ ಸಾಲು ಇಷ್ಟು ಕಾಲ ಬಾಳಿರುವುದು ಬರೀ ಹಟದಿಂದಲ್ಲ. ಅದೇ ರಿಷಭ-ಗಾಂಧಾರಗಳ ಅಂತರ ಮೇಲೆ ಧೈವತ-ನಿಷಾದಗಳಲ್ಲಿ ಮರುಕಳಿಸುತ್ತದೆ; ಕಿವಿಗೆ ಒಂದು ಆಕೃತಿ ಸಿಕ್ಕಿದರೆ ಇನ್ನೊಂದು ತಾನಾಗಿ ಬರುತ್ತದೆ. ಮೂರು ಕಾಲದಲ್ಲಿ ಹಾಡಿಸುವುದು ಲಯದ ಲೆಕ್ಕವನ್ನು ಬಾಯಲ್ಲೇ ಕೂರಿಸುತ್ತದೆ. ಕುಟುಂಬ ಮಲ್ಲೇಶ್ವರದಿಂದ ಮೈಲಾಪುರಕ್ಕೋ ನ್ಯೂಜೆರ್ಸಿಗೋ ಹೋದರೂ ಪಾಠ ನಿಂತಲ್ಲಿಂದ ಮುಂದುವರಿಯುತ್ತದೆ. ಯಾವ ಆಟದ ತರಗತಿಗೂ ಇಂಥ ಸಾಮಾನ್ಯ ಪಠ್ಯವಿಲ್ಲ. ಎರಡು ವರ್ಷ ಕುಣಿದು ಬಂದ ಮಗುವಿಗೆ ಏನು ಬರುತ್ತದೆಂದು ಮುಂದಿನ ಗುರುವಿಗೆ ತಿಳಿಯುವ ದಾರಿಯೂ ಇಲ್ಲ.

ಪುನರಾವರ್ತನೆ ಎಂದರೆ ಬೇಸರ ಎಂಬುದು ದೊಡ್ಡವರ ಕಲ್ಪನೆ. ಮಕ್ಕಳು ಒಂದೇ ಕಥೆಯನ್ನು ದಿನಾ ಕೇಳುತ್ತಾರೆ. ಪಿಟೀಲು ಕಲಿಸಿದ ಸುಝುಕಿ ಶಿನಿಚಿಯವರ ಕ್ರಮವೂ ಕೇಳು, ಅನುಕರಿಸು, ಮತ್ತೆ ನುಡಿಸು ಎಂಬುದೇ. ನೊಟೇಶನ್ ಓದುವುದು ಆಮೇಲೆ. ಜಪಾನೀ ಸಂಪ್ರದಾಯದ ತೈಕೊ ಡೋಲಿನವರು ಕೈ ಹಚ್ಚುವ ಮುಂಚೆ ಪೆಟ್ಟುಗಳನ್ನು ಬಾಯಲ್ಲಿ ಹೇಳಿ ಕಲಿಯುತ್ತಾರೆ, ನಮ್ಮ ಮೃದಂಗದವರು ಸೊಲ್ಲು ಹೇಳುವ ಹಾಗೆಯೇ. ಹಾಗಾಗಿ ಜಪಾನನ್ನು ಆಟದ ಪಕ್ಷಕ್ಕೆ ಮಾತ್ರ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ. ಆದರೆ ಕಟ್ಟುನಿಟ್ಟಿಗೆ ಹೆಸರಾದ ನೋ ರಂಗಭೂಮಿಯ ಗುರು ಝೆಯಾಮಿ, 1400ರ ಸುಮಾರಿಗೇ, ಏಳರ ವಯಸ್ಸಿನ ಮಗು ತನ್ನಷ್ಟಕ್ಕೆ ಮಾಡಿದಂತೆ ಮಾಡಲಿ, ತಿದ್ದಿ ಗದರಿದರೆ ಅದು ಆಸಕ್ತಿಯನ್ನೇ ಕಳೆದುಕೊಳ್ಳುತ್ತದೆ ಎಂದು ಬರೆದಿಟ್ಟಿದ್ದರು. ಇದನ್ನು ನಮ್ಮ ಪಾಠದ ಮನೆಗಳಲ್ಲಿ ತೂಗುಹಾಕಿದರೂ ತಪ್ಪಿಲ್ಲ.

ವ್ಯವಹಾರದ ಮಾತು ಸ್ವಲ್ಪ. ಆಟದ ಹಾಡಿಗೆ ಎಂಟು-ಹತ್ತು ಮಕ್ಕಳೂ ಜಾಗವೂ ಬೇಕು. ಹಜಾರದ ಮನೆಗಳು ಅಪಾರ್ಟ್‌ಮೆಂಟುಗಳಾದ ಮಲ್ಲೇಶ್ವರದಲ್ಲಿ ಮೂವರು ಮಕ್ಕಳಿಗೆ ಕೋಣೆಯಲ್ಲಿ ಪಾಠ ಹೇಳುವ ಟೀಚರಿಗೆ ಎರಡೂ ಇಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ಹಾಡು-ಕುಣಿತವನ್ನು ತರಗತಿಗೆ ತಂದಿದೆ, ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದದ್ದು. ಆದರೆ ಅಲ್ಲಿ ಹಾಡು ಅಕ್ಷರಕ್ಕೂ ಲೆಕ್ಕಕ್ಕೂ ವಾಹನ, ಸ್ವರ ಶುದ್ಧವಾಗಿದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಸರಳೆಯ ಕಡೆಯ ಅವಸರಕ್ಕೆ ಕಾರಣ ಬೇರೆ: ಪರೀಕ್ಷೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಹಳ ವರ್ಷ ನಡೆಸಿದ ಮಂಡಳಿಯ ಕಚೇರಿ ಇದೇ ಮಲ್ಲೇಶ್ವರದ ಆರನೇ ಕ್ರಾಸಿನಲ್ಲಿದೆ. ‘ನಿಮ್ಮ ಮಗಳದು ಜೂನಿಯರ್ ಆಯಿತೇ?’ ಎಂದು ಪಕ್ಕದ ಮನೆಯವರು ಕೇಳುವ ಬಡಾವಣೆಯಲ್ಲಿ ತಂದೆತಾಯಿಗೆ ತಾಳ್ಮೆ ಎಲ್ಲಿಂದ ಬರಬೇಕು?

ನನ್ನ ತೀರ್ಪು ಆಟದ ಕಡೆಗೆ ವಾಲುತ್ತದೆ, ಏಳೆಂಟು ವರ್ಷದವರೆಗೆ ಮಾತ್ರ, ಒಂದು ಷರತ್ತಿನ ಮೇಲೆ. ಇಂದಿನ ಆಟದ ತರಗತಿಗಳ ದೊಡ್ಡ ಕೊರತೆ ಶ್ರುತಿ. ಕೀಬೋರ್ಡಿನ ಗದ್ದಲದಲ್ಲಿ ಎಲ್ಲರೂ ಕೂಗಿದರೆ ಅದು ವ್ಯಾಯಾಮ. ಅದೇ ಆಟವನ್ನು ತಂಬೂರಿಯ ನಾದಕ್ಕೆ, ಕನ್ನಡದ ಪದಗಳಿಂದ ಆರಂಭಿಸಿ ಆಡಿಸಲಿ. ಜಪಾನಿನ ಹಾಡುಗಳು ಬಂದರೆ ಅವೂ ನಮಗೆ ಪರಕೀಯವಲ್ಲ: ಅಲ್ಲಿನ ಶಾಲಾಗೀತೆಗಳಲ್ಲಿ ಬಳಕೆಯಾದ ‘ಯೊನಾನುಕಿ’ ಶ್ರೇಣಿ ನಾಲ್ಕನೆಯ, ಏಳನೆಯ ಸ್ವರ ಬಿಟ್ಟ ನಮ್ಮ ಮೋಹನದ್ದೇ, ‘ಸಕುರಾ’ದ ಸ್ವರಗಳು ಕರ್ನಾಟಕ ಶುದ್ಧ ಸಾವೇರಿಯವು. ಮೋಹನದಲ್ಲಿ ಆಡಿ ಬಂದ ಮಗು ಎಂಟರಲ್ಲಿ ಸರಳೆಗೆ ಕೂತರೆ ಏನೂ ತಡವಾಗುವುದಿಲ್ಲ. ಆದರೆ ಕೂರಲೇಬೇಕು.

ಮುಂದಿನ ವಿಜಯದಶಮಿಗೆ ಮಗುವನ್ನು ಸೇರಿಸುವವರು ಫೀಸು ಕೇಳುವ ಮುಂಚೆ ಟೀಚರನ್ನು ಎರಡೇ ಮಾತು ಕೇಳಿ: ಪಾಠದ ಉದ್ದಕ್ಕೂ ಶ್ರುತಿ ಹಾಕಿರುತ್ತೀರಾ? ಪರೀಕ್ಷೆಗೆ ಯಾವ ವಯಸ್ಸಿನಲ್ಲಿ ಕಟ್ಟಿಸುತ್ತೀರಿ?