ಬೊಮ್ಮಸಂದ್ರದ ರಾಗಿ, ಇಂದಿರಾನಗರದ ಗ್ಲಾಸು

ಶನಿವಾರ ಬೆಳಗಿನ ಪಾಳಿ ಮುಗಿಸಿ ಬೊಮ್ಮಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವ ಇಬ್ಬರು ಗೆಳೆಯರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯವನು, ಇನ್ನೊಬ್ಬ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವವನು. ‘ಇವತ್ತು ಇಂದಿರಾನಗರ, ನಾಳೆ ವೈಟ್‌ಫೀಲ್ಡ್. ಬೈಕ್ ಮಾತ್ರ ಬೇಡ ಗುರು’ ಎನ್ನುತ್ತಾನೆ ಒಬ್ಬ. ‘ಸರಿ ಮಗಾ, ಮೆಟ್ರೊದಲ್ಲೇ ಹೋಗಣ’ ಎನ್ನುತ್ತಾನೆ ಇನ್ನೊಬ್ಬ. ಎರಡು ದಿನ, ಮೂರು ನಾಲ್ಕು ಸಣ್ಣ ಬ್ರೂವರಿಗಳು, ಒಂದೊಂದು ಕಡೆಯೂ ಚಿಕ್ಕ ಗ್ಲಾಸಿನಲ್ಲಿ ರುಚಿ ನೋಡುವಷ್ಟೇ ಬಿಯರು. ವಾರಾಂತ್ಯದ ಲೆಕ್ಕಾಚಾರ ಇಷ್ಟೇ.

ಈ ಲೆಕ್ಕಾಚಾರ ಸಾಧ್ಯವಾದದ್ದು 2025ರ ಆಗಸ್ಟ್‌ನಿಂದ ಈಚೆಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ. ಉದ್ದದ, 16 ನಿಲ್ದಾಣಗಳ ಹಳದಿ ಮಾರ್ಗ ಆ ತಿಂಗಳ 10ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಹೊಸೂರು ರಸ್ತೆ ಹಿಡಿದು ಸಿಲ್ಕ್ ಬೋರ್ಡ್ ದಾಟುವುದೇ ಅರ್ಧ ದಿನದ ಕೆಲಸವಾಗಿತ್ತು. ಈಗ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಇಂದಿರಾನಗರವೂ ಸಿಗುತ್ತದೆ, ವೈಟ್‌ಫೀಲ್ಡೂ ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೊಹಾಲ್ ಇದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕುಡಿಯಲು ಹೊರಟವರು ಗಾಡಿ ಮನೆಯಲ್ಲೇ ಬಿಟ್ಟು ಬರುವುದು ಈ ಪ್ರವಾಸದ ಮೊದಲ ಶಿಸ್ತು. ಹಳದಿ ಮಾರ್ಗ ಅದನ್ನು ಸುಲಭ ಮಾಡಿದೆ.

ಬೊಮ್ಮಸಂದ್ರ ಬಿಟ್ಟರೆ ಸಿಗುವ ಮೊದಲ ನಿಲ್ದಾಣವೇ ಬಯೋಕಾನ್ ಹೆಬ್ಬಗೋಡಿ. ಬಿಯರಿನ ಕಥೆ ಇಲ್ಲಿಂದಲೇ ಶುರುವಾಗುತ್ತದೆ ಎಂದರೆ ಹಲವರಿಗೆ ಅಚ್ಚರಿಯಾದೀತು. ಬಯೋಕಾನ್ ಕಂಪನಿಯ ಸ್ಥಾಪಕಿ ಕಿರಣ್ ಮಜುಂದಾರ್ ಷಾ ಅವರ ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್ ಆಗಿದ್ದವರು. ಮಗಳೂ ಅದೇ ದಾರಿ ಹಿಡಿದು ಆಸ್ಟ್ರೇಲಿಯಾದ ಬ್ಯಾಲರಟ್‌ನಲ್ಲಿ ಬಿಯರ್ ತಯಾರಿಕೆ ಕಲಿತರು. ತರಗತಿಯಲ್ಲಿದ್ದ ಏಕೈಕ ಮಹಿಳೆ ಅವರು. ಊರಿಗೆ ಮರಳಿದಾಗ, ಹೆಣ್ಣುಮಗಳಿಗೆ ಬ್ರೂವರ್ ಕೆಲಸ ಕೊಡಲು ಇಲ್ಲಿನ ಕಾರ್ಖಾನೆಗಳು ಮುಂದೆ ಬರಲಿಲ್ಲ. 1978ರಲ್ಲಿ ಬಾಡಿಗೆ ಗ್ಯಾರೇಜೊಂದರಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಅವರು ಬಯೋಕಾನ್ ಆರಂಭಿಸಿದರು. ಮೊದಲ ಸರಕು ಎರಡೇ: ಪರಂಗಿ ಕಾಯಿಯ ಹಾಲಿನಿಂದ ತೆಗೆದ ಪಪೇನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ತಣ್ಣಗಾದ ಬಿಯರು ಮಸುಕಾಗದಂತೆ ಪಪೇನ್ ತಡೆಯುತ್ತದೆ, ತೇಲುವ ಯೀಸ್ಟನ್ನು ತಳಕ್ಕಿಳಿಸಿ ಬಿಯರನ್ನು ತಿಳಿಯಾಗಿಸುವುದು ಐಸಿಂಗ್ಲಾಸ್. ಬಯೋಕಾನ್ ಇಂದು ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆಯಲ್ಲಿ ಔಷಧ ತಯಾರಿಸುತ್ತದೆ. ಕಿಣ್ವಗಳ ವ್ಯವಹಾರವನ್ನು 2007ರಲ್ಲಿ ಡೆನ್ಮಾರ್ಕಿನ ನೋವೋಜೈಮ್ಸ್‌ಗೆ ಮಾರಿಯಾಯಿತು. ಆದರೂ ಬೇರು ಬಿಯರಿನದೇ.

ಬೆಂಗಳೂರಿಗೂ ಬಿಯರಿಗೂ ನಂಟು ಇನ್ನೂ ಹಳೆಯದು. ದಂಡಿನ ಸೈನಿಕರ ಬಾಯಾರಿಕೆಗೆಂದು ಹುಟ್ಟಿದ ಬೆಂಗಳೂರು ಬ್ರೂಯಿಂಗ್ ಕಂಪನಿ 1885ರದು. ಅದೂ ಸೇರಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸ್ಕಾಟ್ಲೆಂಡಿನ ಥಾಮಸ್ ಲೀಷ್ಮನ್ ಒಟ್ಟುಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಸ್ವಾತಂತ್ರ್ಯದ ಹೊತ್ತಿಗೆ ವಿಠಲ್ ಮಲ್ಯ ಅದರ ಚುಕ್ಕಾಣಿ ಹಿಡಿದರು. 2021ರಿಂದ ಅದರ ಬಹುಪಾಲು ಷೇರು ಹೈನೆಕೆನ್‌ ಕೈಯಲ್ಲಿದೆ. ದೊಡ್ಡ ಬಿಯರಿನ ಕಥೆ ಹೀಗೆ ವಿದೇಶಿ ಕಂಪನಿಯ ಲೆಕ್ಕಪುಸ್ತಕಕ್ಕೆ ಸೇರಿತು.

ಸಣ್ಣ ಬಿಯರಿನ ಕಥೆ ಬೇರೆ. ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್ 2010ರಲ್ಲಿ, ಲ್ಯಾವೆಲ್ ರಸ್ತೆಯ ದಿ ಬಿಯರ್ ಕ್ಲಬ್ 2011ರಲ್ಲಿ ಬಾಗಿಲು ತೆರೆದವು. ಮಿಷಿಗನ್ನಿನ ಆನ್ ಆರ್ಬರ್‌ನಿಂದ ಆರ್ಬರ್ ಬ್ರೂಯಿಂಗ್ ಕಂಪನಿ ಮ್ಯಾಗ್ರತ್ ರಸ್ತೆಗೆ ಬಂತು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಬಿಯರಿನ ಪಕ್ಕದಲ್ಲೇ ಪುಸ್ತಕದ ಕಪಾಟು, ಜಾಝ್ ವೇದಿಕೆ ಇಟ್ಟುಕೊಂಡು ಬೆಳೆದು, ಮುಂದೆ ಟೆಕ್ಸಸ್‌ನಲ್ಲೂ ಶಾಖೆ ತೆರೆಯಿತು. ಅಮೆರಿಕದಲ್ಲಿ ಎಂಜಿನಿಯರ್ ಕೆಲಸದ ನಡುವೆ ಮನೆಯಲ್ಲೇ ಬಿಯರ್ ಕುದಿಸಿ ಕಲಿತವರು ಹುಟ್ಟುಹಾಕಿದ ಗೀಸ್ಟ್, ಆರಂಭದಲ್ಲಿ ಬೆಲ್ಜಿಯಂನಲ್ಲಿ ಬಿಯರ್ ಮಾಡಿಸಿ ತರಿಸುತ್ತಿತ್ತು. ಆಮೇಲೆ ಹಳೇ ಮದ್ರಾಸ್ ರಸ್ತೆಯಲ್ಲಿ ಸ್ವಂತ ಬ್ರೂವರಿ ಕಟ್ಟಿತು. ಐ.ಟಿ.ಯ ಊರು ತನಗೆ ಬೇಕಾದ ಬಿಯರನ್ನು ತಾನೇ ಮಾಡಿಕೊಳ್ಳಲು ಕಲಿತದ್ದು ಹೀಗೆ.

ಇಂಥ ಕಡೆ ಹೋದವರು ಗ್ಲಾಸು ಎತ್ತುವ ಮೊದಲು ಗಾಜಿನ ಗೋಡೆಯಾಚೆ ಒಂದು ಗಳಿಗೆ ನೋಡಬೇಕು. ಅರೆದ ಬಾರ್ಲಿ ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಿದಾಗ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆಗ ಏಳುವ ಹಬೆಗೆ ಹಾರ್ಲಿಕ್ಸ್ ಡಬ್ಬಿಯ ಮುಚ್ಚಳ ತೆಗೆದಾಗಿನ ವಾಸನೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಹೂ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬಿಡುತ್ತಾರೆ. ಏಲ್ ಬಗೆಯ ಬಿಯರು ಎರಡು ಮೂರು ವಾರದಲ್ಲಿ ಹದಕ್ಕೆ ಬರುತ್ತದೆ, ಲಾಗರ್‌ಗೆ ಅದರ ಎರಡರಷ್ಟು ತಾಳ್ಮೆ ಬೇಕು. ದೋಸೆ ಹಿಟ್ಟು ಹುದುಗು ಬರುವುದನ್ನು ಕಾದು ಬೆಳೆದವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ.

ಅಪರಿಚಿತವಾದದ್ದು ಒಳಗಿನ ಕಾಳು. ಬಾರ್ಲಿ ಬರುವುದು ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದ ಹೊಲಗಳಿಂದ, ಇಲ್ಲವೇ ಹಡಗಿನಲ್ಲಿ ಯುರೋಪಿನಿಂದ. ಹಾಪ್ಸ್ ಬಹುಪಾಲು ಹೊರದೇಶದ್ದು. ಗೆಳೆಯರು ಎರಡು ದಿನ ಸುತ್ತಿ ರುಚಿ ನೋಡುವ ಹತ್ತಾರು ಗ್ಲಾಸುಗಳಲ್ಲಿ, ಅವರು ಹೊರಟ ಆನೇಕಲ್ ತಾಲ್ಲೂಕಿನ ಮಣ್ಣಿನದು ಎನ್ನಬಹುದಾದದ್ದು ಏನೂ ಇರುವುದಿಲ್ಲ. ಬೊಮ್ಮಸಂದ್ರ ಕೈಗಾರಿಕಾ ಪ್ರದೇಶವಾಗುವ ಮುಂಚೆ ರಾಗಿ ಬೆಳೆಯುತ್ತಿದ್ದ ಸೀಮೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯವೂ ಕರ್ನಾಟಕವೇ. ಈ ನಗರದ ಸಣ್ಣ ಬ್ರೂವರಿಗಳು ನಿಜಕ್ಕೂ ಈ ನಗರದವಾಗಬೇಕಾದರೆ ಅವುಗಳ ತೊಟ್ಟಿಗೆ ರಾಗಿ ಬರಬೇಕು.

ಇದು ಬರೀ ಊರಭಿಮಾನದ ಮಾತಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಮಗುವಿಗೆ ಮಾಲ್ಟ್ ಮಾಡುವ ತಾಯಂದಿರು, ಬಾರ್ಲಿ ಮಾಲ್ಟ್ ಮಾಡುವ ಕಾರ್ಖಾನೆ ಏನು ಮಾಡುತ್ತದೋ ಅದನ್ನೇ ಮಾಡುತ್ತಾರೆ. ಸಿರಿಧಾನ್ಯಗಳ ಪೈಕಿ ರಾಗಿಯ ಮೊಳಕೆಯಲ್ಲಿ ಪಿಷ್ಟ ಒಡೆಯುವ ಕಿಣ್ವ ಚೆನ್ನಾಗಿ ಬೆಳೆಯುತ್ತದೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳು ಈ ಬಗ್ಗೆ ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ. ಉಗಾಂಡದ ಹಳ್ಳಿಗಳಲ್ಲಿ ಇದೇ ರಾಗಿಯಿಂದ ಮಾಡಿದ ಬಿಯರನ್ನು ಮಡಕೆಯ ಸುತ್ತ ಕುಳಿತು ಉದ್ದ ಕೊಳವೆಯಲ್ಲಿ ಹೀರುತ್ತಾರೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹುದುಗಿಸಿದ ರಾಗಿಗೆ ಬಿಸಿನೀರು ಹೊಯ್ದು ತೋಂಗ್ಬಾ ಕುಡಿಯುತ್ತಾರೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ರೂಪಿಸಿದ ಇಂಡಾಫ್ ತಳಿಗಳ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ತಳಿ ಆಫ್ರಿಕಾದಿಂದ ಬಂತು, ಬಿಯರಿನ ವಿದ್ಯೆ ಮಾತ್ರ ಜೊತೆಗೆ ಬರಲಿಲ್ಲ.

ತೊಡಕುಗಳಿವೆ. ಬಾರ್ಲಿಯ ಸಿಪ್ಪೆಯೇ ತೊಟ್ಟಿಯ ತಳದಲ್ಲಿ ಜರಡಿಯಂತೆ ಕೂತು ಸಿಹಿನೀರನ್ನು ಸೋಸುತ್ತದೆ. ರಾಗಿಗೆ ಅಂಥ ಸಿಪ್ಪೆಯಿಲ್ಲ. ಮುದ್ದೆಗೆ ಎಸರಿಟ್ಟವರಿಗೆ ಗೊತ್ತಿರುವಂತೆ, ಬಿಸಿನೀರಿಗೆ ಬಿದ್ದ ರಾಗಿ ಹಿಟ್ಟು ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ರಾಗಿಯನ್ನು ಬೇರೆ ಪಾತ್ರೆಯಲ್ಲಿ ಗಂಜಿಯಂತೆ ಬೇಯಿಸಿ ಬಾರ್ಲಿ ಜೊತೆ ಸೇರಿಸಬೇಕು. ಅಕ್ಕಿ ಹಾಕಿ ಬಿಯರ್ ಮಾಡುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಹೆಸರಾಗಿರುವುದೇ ಅಕ್ಕಿಯಿಂದ. ಬಾಸ್ಮತಿಗೆ ಸಿಕ್ಕ ಜಾಗ ರಾಗಿಗೂ ಸಿಗಲಿ. ಆಗೊಮ್ಮೆ ಈಗೊಮ್ಮೆ ಪ್ರಯೋಗಗಳು ನಡೆದಿವೆ, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಉತ್ಸಾಹವೂ ಕಂಡಿತು. ಬೇಕಿರುವುದು ವರ್ಷವಿಡೀ ಸಿಗುವ ರಾಗಿ ಬಿಯರು.

ಊಟದ ಕಾಳನ್ನು ಕುಡಿತಕ್ಕೆ ಸುರಿಯುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ನೋಡಿ. ಒಂದು ಲೀಟರ್ ಬಿಯರಿಗೆ ಸುಮಾರು 200 ಗ್ರಾಂ ಕಾಳು ಬೇಕು. ಸಾವಿರ ಲೀಟರಿನ ಒಂದು ಸರದಿಯಲ್ಲಿ ಶೇ 30ರಷ್ಟು ರಾಗಿ ಹಾಕಿದರೆ 60 ಕೆ.ಜಿ. ಆಯಿತು. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಆ ರಾಗಿಯ ಬೆಲೆ ಮೂರು ಸಾವಿರವೂ ದಾಟದು. ಯಾರ ತಟ್ಟೆಯ ಮುದ್ದೆಯೂ ಇದರಿಂದ ಕಮ್ಮಿಯಾಗದು. ರೈತರ ಬದುಕೂ ಇದೊಂದರಿಂದ ಬದಲಾಗದು. ಆದರೆ ಒಳ್ಳೆ ರಾಗಿ ಮಾಲ್ಟ್ ಮಾಡುವ ಒಂದು ಘಟಕ ತಾಲ್ಲೂಕಿಗೆ ಬಂದರೆ, ಬ್ರೂವರಿಯ ಜೊತೆಗೆ ಅಂಗನವಾಡಿಗೂ ಬೇಕರಿಗೂ ಅದೇ ಮಾಲ್ಟ್ ಹೋಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಕುಡಿತದ್ದೇ. ಆಲ್ಕೊಹಾಲಿಗೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಸಾರಾಯಿ ಎಷ್ಟು ಮನೆ ಮುರಿಯಿತೆಂದು ಕಂಡೇ ಕರ್ನಾಟಕ 2007ರ ಜುಲೈನಲ್ಲಿ ಅದನ್ನು ನಿಷೇಧಿಸಿತು. ಈ ನೋವಿನ ಎದುರು ರುಚಿಯ ಮಾತು ಹಗುರ ಕಾಣಬಹುದು. ಹಾಗೆಂದೇ ಸಣ್ಣ ಬ್ರೂವರಿ ಸಣ್ಣದಾಗಿಯೇ ಇರಬೇಕು. ಇಂದು ಹೆಸರಿಗೆ ಮೈಕ್ರೊ ಎನಿಸಿದರೂ ಸಾವಿರ ಜನ ಕೂರುವ, ಕೊಳವೂ ಜಲಪಾತವೂ ಇರುವ ಅಂಗಳಗಳು ತಲೆಯೆತ್ತಿವೆ. ಅಲ್ಲಿ ಬಿಯರು ಹಿನ್ನೆಲೆ, ಗದ್ದಲವೇ ಮುಖ್ಯ. ಇಪ್ಪತ್ತು ಮೂವತ್ತು ಜನ ಕೂರುವ, ಎಂಥ ಕಾಳಿನಿಂದ ಹೇಗೆ ಮಾಡಿದ್ದೆಂದು ಬ್ರೂವರ್ ತಾನೇ ಬಂದು ಹೇಳುವ ಜಾಗಗಳಿಗೆ ಕಡಿಮೆ ಶುಲ್ಕದ ಪರವಾನಗಿ ಇರಲಿ. ರಾಜ್ಯದ ರಾಗಿ ಬಳಸಿದವರಿಗೆ ಅಬಕಾರಿ ಇಲಾಖೆ ಸುಂಕದಲ್ಲಿ ರಿಯಾಯಿತಿ ಕೊಡಲಿ. 21 ವರ್ಷದ ವಯೋಮಿತಿಯನ್ನು ಬಾಗಿಲಲ್ಲೇ ಕಟ್ಟುನಿಟ್ಟಾಗಿ ನೋಡಲಿ. ವಾರಾಂತ್ಯದಲ್ಲಿ ಹಳದಿ ಮಾರ್ಗದ ಕೊನೆಯ ರೈಲು ಇನ್ನಷ್ಟು ತಡವಾಗಿ ಹೊರಡಲಿ.

ಭಾನುವಾರ ರಾತ್ರಿ ಗೆಳೆಯರಿಬ್ಬರು ಬೊಮ್ಮಸಂದ್ರದಲ್ಲಿ ಇಳಿದಾಗ ಕೆಳಗೆ ಚಂದಾಪುರ, ಅತ್ತಿಬೆಲೆ, ಆನೇಕಲ್ ಕಡೆಯ ಆಟೊಗಳು ಕೂಗುತ್ತಿರುತ್ತವೆ. ಸುಗ್ಗಿಯ ದಿನಗಳಲ್ಲಿ ಆ ಕಡೆಯ ಹಳ್ಳಿ ರಸ್ತೆಗಳೇ ಕಣ. ತೆನೆಸಮೇತ ಹರಡಿದ ರಾಗಿ ಹುಲ್ಲಿನ ಮೇಲೆ ಆಟೊ, ಟ್ರ್ಯಾಕ್ಟರ್ ಹಾದು ಕಾಳು ಉದುರಿಸುತ್ತವೆ. ಬದಿಯಲ್ಲಿ ಮೊರ ಹಿಡಿದು ಕೂತ ಹೆಂಗಸರು ಹೊಟ್ಟು ತೂರುತ್ತಾರೆ. ಅಲ್ಲಿಂದ ಮೆಟ್ರೊ ನಿಲ್ದಾಣಕ್ಕೆ ಕೆಲವೇ ಕಿಲೋಮೀಟರು.