ದೀಪ ಉರಿದರೆ ಸಾಲದು, ವಾಟ್ ಹೊಂದಬೇಕು

ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದೆ, ಪರದೆಯ ಮೂಲೆಯಲ್ಲಿ ಚಾರ್ಜಿಂಗ್ ಚಿಹ್ನೆಯೂ ಇದೆ. ಆದರೂ ಒಂದು ಗಂಟೆ ಕೆಲಸ ಮಾಡುವಷ್ಟರಲ್ಲಿ ಬ್ಯಾಟರಿ ಶೇ. 60ರಿಂದ 40ಕ್ಕೆ ಇಳಿದಿರುತ್ತದೆ. ಇಂತಹ ವೇಳೆ ಬಹುಪಾಲು ಮಂದಿ ಮೊದಲು ಸಂಶಯಿಸುವುದು ಬ್ಯಾಟರಿಯನ್ನು. ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ಹಾಕಿಸಿದ ಬಳಿಕವೂ ತೊಂದರೆ ಹಾಗೆಯೇ ಉಳಿದಾಗ ನಿರಪರಾಧಿಗೆ ಶಿಕ್ಷೆಯಾಯಿತೆಂಬುದು ಅರಿವಾಗುತ್ತದೆ. ಅನೇಕ ಬಾರಿ ದೋಷವಿರುವುದು ಬ್ಯಾಟರಿಯಲ್ಲಲ್ಲ, ಅದಕ್ಕೆ ಸಾಲದಷ್ಟು ವಿದ್ಯುತ್ ಕೊಡುವ ಅಡಾಪ್ಟರಿನಲ್ಲಿ.

ಮಂಗಳೂರಿನ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಕಾಸರಗೋಡಿನ ವಿದ್ಯಾರ್ಥಿ, ಇ-ಫೈಲಿಂಗಿನ ಕೊನೆಯ ದಿನ ಕಡತ ಸಿದ್ಧಪಡಿಸುವ ವಕೀಲರ ಗುಮಾಸ್ತ, ಮಳೆಗಾಲದಲ್ಲಿ ಯಾವಾಗ ಕರೆಂಟು ಹೋಗುವುದೋ ಎಂಬ ಭಯದಲ್ಲಿ ಮನೆಯಿಂದ ಕೆಲಸ ಮಾಡುವ ಉದ್ಯೋಗಿ: ಇವರೆಲ್ಲರಿಗೂ ಬ್ಯಾಟರಿ ತುಂಬಿದೆಯೋ ಇಲ್ಲವೋ ಎಂಬುದು ಸಣ್ಣ ಸಂಗತಿಯಲ್ಲ. ಮೂಲ ಚಾರ್ಜರನ್ನು ಮರೆತು ಬಂದಾಗ, ಅಥವಾ ಅದು ಕೆಟ್ಟಾಗ, ಕೈಗೆ ಸಿಕ್ಕಿದ ಮೊಬೈಲ್ ಚಾರ್ಜರನ್ನೋ ಅಗ್ಗದ ಅಡಾಪ್ಟರನ್ನೋ ಸಿಕ್ಕಿಸುವುದು ಇಂದು ಸಾಮಾನ್ಯ. ಸಮಸ್ಯೆ ಹುಟ್ಟುವುದೂ ಅಲ್ಲಿಯೇ.

ಅಡಾಪ್ಟರಿನ ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಔಟ್‌ಪುಟ್’ ಎಂಬ ಸಾಲೊಂದು ಇರುತ್ತದೆ. ಅಲ್ಲಿರುವ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ದೊರೆಯುತ್ತದೆ. 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ 65 ವಾಟ್. 5 ವೋಲ್ಟ್, 2 ಆಂಪಿಯರಿನ ಹಳೆಯ ಮೊಬೈಲ್ ಚಾರ್ಜರಾದರೆ ಕೇವಲ 10 ವಾಟ್. ಲ್ಯಾಪ್‌ಟಾಪಿನೊಂದಿಗೆ ಬಂದ ಅಡಾಪ್ಟರಿನ ವಾಟ್ ಎಷ್ಟೆಂಬುದನ್ನು ತಿಳಿದುಕೊಂಡರೆ ಅರ್ಧ ವಿಚಾರಣೆ ಮುಗಿದಂತೆ.

ವೀಡಿಯೋ ಕರೆ ನಡೆಯುತ್ತಿರುವಾಗ ಲ್ಯಾಪ್‌ಟಾಪ್ 40 ವಾಟ್ ಬಳಸುತ್ತಿದೆಯೆನ್ನೋಣ. ಚಾರ್ಜರ್ ಕೊಡುವುದು 30 ವಾಟ್. ಕೊರತೆಯಾದ 10 ವಾಟನ್ನು ಯಂತ್ರವು ಬ್ಯಾಟರಿಯಿಂದಲೇ ಪಡೆಯುತ್ತದೆ. 50 ವಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿ ಹೀಗೆ ಗಂಟೆಗೆ ಶೇ. 20ರಷ್ಟು ಇಳಿದು, ಚಾರ್ಜರ್ ಸಿಕ್ಕಿಸಿದ್ದಂತೆಯೇ ಐದು ಗಂಟೆಗಳಲ್ಲಿ ಬರಿದಾಗುತ್ತದೆ. ಅದೇ ಯಂತ್ರವನ್ನು ಪೂರ್ಣವಾಗಿ ಆರಿಸಿ ರಾತ್ರಿಯಿಡೀ ಅದೇ ಚಾರ್ಜರಿಗೆ ಇಟ್ಟರೆ ಬೆಳಗಾಗುವಾಗ ಬ್ಯಾಟರಿ ತುಂಬಿರುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆಯೂ ಇದೇ. ಆರಿಸಿಟ್ಟಾಗ ಚಾರ್ಜ್ ಏರಿ, ಕೆಲಸ ಮಾಡುವಾಗ ಇಳಿದರೆ ಮೊದಲು ಸಂಶಯಿಸಬೇಕಾದುದು ಅಡಾಪ್ಟರಿನ ವಾಟನ್ನು. ಆರಿಸಿಟ್ಟಾಗಲೂ ಏರದಿದ್ದರೆ ಗೋಡೆಯ ಸಾಕೆಟ್, ಎಕ್ಸ್‌ಟೆನ್ಷನ್ ಬೋರ್ಡ್, ಕೇಬಲ್, ಲ್ಯಾಪ್‌ಟಾಪಿನ ಪೋರ್ಟ್ ಇವನ್ನು ಒಂದೊಂದಾಗಿ ಬದಲಿಸಿ ನೋಡಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂಬುದು ತಿಳಿಯದು. ಬ್ಯಾಟರಿ ಶೇ. 80ಕ್ಕೆ ಬಂದು ನಿಂತುಬಿಟ್ಟರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಬ್ಯಾಟರಿಯ ಆಯುಷ್ಯ ಉಳಿಸಲು ಕೆಲವು ಯಂತ್ರಗಳಲ್ಲಿ ಅಂತಹ ಮಿತಿಯನ್ನು ಇರಿಸಲಾಗಿರುತ್ತದೆ. ನಿಜವಾಗಿಯೂ ಬ್ಯಾಟರಿ ಸವೆದಿದೆಯೇ ಎಂಬುದನ್ನು ವಿಂಡೋಸಿನ ಬ್ಯಾಟರಿ ವರದಿ ತೋರಿಸುತ್ತದೆ. ತಯಾರಾದಾಗಿನ ಸಾಮರ್ಥ್ಯ 50 ಇದ್ದು ಈಗ 44 ತುಂಬುತ್ತಿದ್ದರೆ ಬ್ಯಾಟರಿ ಇನ್ನೂ ಗಟ್ಟಿ. 20 ಮಾತ್ರ ತುಂಬುತ್ತಿದ್ದರೆ ಬದಲಿಸುವ ಕಾಲ ಬಂದಿದೆ.

ಟೈಪ್-ಸಿ ಬಂದ ಮೇಲೆ ಎಲ್ಲ ಚಾರ್ಜರುಗಳೂ ಎಲ್ಲದಕ್ಕೂ ಆಗುತ್ತವೆಂಬ ನಂಬಿಕೆ ಬೆಳೆದಿದೆ. ತುದಿ ಒಂದೇ ಆದರೂ ಶಕ್ತಿ ಒಂದೇ ಅಲ್ಲ. ಪವರ್ ಡೆಲಿವರಿ ಎಂಬ ವ್ಯವಸ್ಥೆಯಲ್ಲಿ ಚಾರ್ಜರ್ ತನ್ನಿಂದ 5, 9, 15, 20 ವೋಲ್ಟುಗಳಲ್ಲಿ ಯಾವುದನ್ನು, ಎಷ್ಟು ಆಂಪಿಯರಿನಷ್ಟು ಕೊಡಲಾಗುವುದೆಂದು ಮೊದಲು ತಿಳಿಸುತ್ತದೆ; ಲ್ಯಾಪ್‌ಟಾಪ್ ತನಗೆ ಬೇಕಾದುದನ್ನು ಕೇಳಿ ಪಡೆಯುತ್ತದೆ. ಅಗತ್ಯವಾದ ವೋಲ್ಟ್ ಆ ಪಟ್ಟಿಯಲ್ಲಿಲ್ಲದಿದ್ದರೆ ಕೆಲವು ಯಂತ್ರಗಳು ಚಾರ್ಜನ್ನೇ ನಿರಾಕರಿಸುತ್ತವೆ. ಕೇಬಲಿಗೂ ಮಿತಿಯಿದೆ. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರಿಗೆ ಮೀಸಲು. 20 ವೋಲ್ಟಿನಲ್ಲಿ ಅದು 60 ವಾಟ್. ಆದುದರಿಂದ 100 ವಾಟಿನ ಚಾರ್ಜರ್ ಕೊಂಡರೂ 5 ಆಂಪಿಯರಿನ ಕೇಬಲ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎರಡು ಮೂರು ಪೋರ್ಟುಗಳಿರುವ 65 ವಾಟಿನ ಚಾರ್ಜರಿಗೆ ಮೊಬೈಲನ್ನೂ ಸಿಕ್ಕಿಸಿದರೆ ಲ್ಯಾಪ್‌ಟಾಪಿನ ಪಾಲು ಕಡಿಮೆಯಾಗುವುದೂ ಉಂಟು. ಲ್ಯಾಪ್‌ಟಾಪಿನ ಎಲ್ಲ ಟೈಪ್-ಸಿ ಪೋರ್ಟುಗಳೂ ಚಾರ್ಜ್ ಸ್ವೀಕರಿಸುತ್ತವೆಂದೂ ಇಲ್ಲ.

ಹಳೆಯ ದುಂಡು ಪಿನ್ನಿನ ಅಡಾಪ್ಟರುಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅಲ್ಲಿ ವೋಲ್ಟ್ ಹೊಂದಲೇಬೇಕು, ಪಿನ್ನಿನ ಗಾತ್ರವೂ ಹೊಂದಬೇಕು. ಆಂಪಿಯರ್ ಮೂಲದ್ದಕ್ಕಿಂತ ಹೆಚ್ಚಿದ್ದರೆ ಹಾನಿಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಅಡಾಪ್ಟರ್ ಮಿತಿಮೀರಿ ಬಿಸಿಯಾಗುತ್ತದೆ. ಡೆಲ್‌ನಂತಹ ಕೆಲವು ಕಂಪನಿಗಳ ಲ್ಯಾಪ್‌ಟಾಪುಗಳು ಪಿನ್ನಿನ ಮೂಲಕ ಅಡಾಪ್ಟರಿನ ವಾಟನ್ನು ಗುರುತಿಸುತ್ತವೆ. ಗುರುತು ಸಿಗದಿದ್ದರೆ ಯಂತ್ರ ನಡೆಯುತ್ತದೆ, ಆದರೆ ನಿಧಾನವಾಗಿ. ಬ್ಯಾಟರಿ ಮಾತ್ರ ತುಂಬುವುದಿಲ್ಲ.

ಇನ್ನು ಕೊಳ್ಳುವವರ ಹಕ್ಕಿನ ಮಾತು. ಅಡಾಪ್ಟರುಗಳು ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿವೆ. ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಅಡಾಪ್ಟರಿನ ಮೇಲಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಬಹುದು. ‘ಎಲ್ಲ ಲ್ಯಾಪ್‌ಟಾಪಿಗೂ ಆಗುತ್ತದೆ’ ಎಂಬ ಬಾಯಿಮಾತಿಗಿಂತ, ಲ್ಯಾಪ್‌ಟಾಪಿನ ಮಾದರಿಯ ಹೆಸರನ್ನೂ ಅಡಾಪ್ಟರಿನ ವಾಟನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಮೇಲು. ಬಾಯಿಮಾತನ್ನು ಮುಂದೆ ಸಾಬೀತುಪಡಿಸುವುದು ಕಷ್ಟ. ಬಿಲ್ಲು ತಾನೇ ಸಾಕ್ಷಿ ನುಡಿಯುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗಡಿನಾಡಿನವರಿಗೆ ಒಂದು ಮುಖ್ಯ ಅನುಕೂಲವನ್ನು ಕಲ್ಪಿಸಿದೆ. ಕಲಂ 34ರಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮಂಗಳೂರಿನಲ್ಲಿ ಕೊಂಡ ಅಡಾಪ್ಟರಿಗಾಗಿ ಕಾಸರಗೋಡಿನವರು ತಲಪಾಡಿಯ ಗಡಿ ದಾಟಬೇಕಾಗಿಲ್ಲ. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ಕಲಂ 69ರಂತೆ ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಅವಧಿಯಿದೆ. ಆಯೋಗದ ಮೆಟ್ಟಿಲೇರುವ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ನೋಡಬಹುದು.

ಆದರೆ ಹಕ್ಕಿನ ಜೊತೆಗೆ ಹೊಣೆಯೂ ಇದೆ. ಹಾನಿಯಾದ ಹೊತ್ತಿಗೆ ಸರಕನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲದೆಂದು ಕಲಂ 87 ಹೇಳುತ್ತದೆ. 65 ವಾಟ್ ಬೇಕೆಂದು ಸ್ಪಷ್ಟವಾಗಿ ಬರೆದಿರುವ ಯಂತ್ರಕ್ಕೆ ಹೊಂದದ ಅಡಾಪ್ಟರನ್ನು ಸಿಕ್ಕಿಸಿ ಅದು ಸುಟ್ಟುಹೋದರೆ, ಎದುರುಪಕ್ಷದವರು ಮೊದಲು ಎತ್ತುವ ವಾದವೇ ಇದಾಗಿರುತ್ತದೆ.

ಆದುದರಿಂದ ಮೂಲ ಅಡಾಪ್ಟರಿನ ‘ಔಟ್‌ಪುಟ್’ ಸಾಲಿನ ಫೋಟೋವೊಂದನ್ನು ಇಂದೇ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಒಳಿತು. ಅಡಾಪ್ಟರ್ ಕಳೆದುಹೋದ ಮೇಲೆ ಆ ಅಂಕಿಗಳನ್ನು ಹುಡುಕುವುದು ಕಷ್ಟ. ಅಂಗಡಿಯಲ್ಲಿ ಹೊಸದನ್ನು ಕೇಳುವಾಗ ಆ ಫೋಟೋ ತೋರಿಸಿದರೆ ಸಾಕು; ಅನಗತ್ಯವಾಗಿ ಬ್ಯಾಟರಿ ಬದಲಿಸುವ ಖರ್ಚೂ ಉಳಿಯುತ್ತದೆ, ವ್ಯಾಜ್ಯವೂ ತಪ್ಪುತ್ತದೆ.